ಹಿಡಿಕೆ ಬೇಡವೆಂದ ಮೇಸ್ತ್ರಿ

ಮಕ್ಕಳೇ, ಹೋದ ಬೇಸಿಗೆಯ ರಜೆಯಲ್ಲಿ ನೀವು ಮುಧೋಳಕ್ಕೆ ಬಂದಾಗ, ಪಕ್ಕದ ಶೆಡ್ಡಿನಲ್ಲಿ ತಾಡಪತ್ರಿ ಹೊದಿಸಿಟ್ಟಿದ್ದ ಗಾಡಿಯೊಳಗೆ ಇಳಿಯಲು ಹೋಗಿ ನನ್ನಿಂದ ಬೈಸಿಕೊಂಡಿರಿ. ಚಿಕ್ಕವನು ಅತ್ತುಬಿಟ್ಟ. ಎಂದೂ ಬೈಯದ ಆಯಿ ಇವತ್ತೇಕೆ ಹೀಗೆ ಎಂದು ನೀವು ನಿಮ್ಮವ್ವನನ್ನು ಕೇಳಿದ್ದು ಒಳಗಿದ್ದ ನನಗೂ ಕೇಳಿಸಿತು. ಗಾಡಿ ಮಾಡಿದವರು ಆಗ ಬದುಕಿದ್ದರು. ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರೆದುರಿಗೆ ಆ ಮಾತು ಎತ್ತುವುದು ನನ್ನಿಂದಾಗಲಿಲ್ಲ. ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರು ಎಂಥವರಾಗಿದ್ದರೆಂದು ಈಗ ಬರೆದು ಹೇಳುತ್ತೇನೆ. ಬಾಯಿಂದ ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು.

ಅವರ ಹೆಸರನ್ನು ಬರೆಯುವುದಿಲ್ಲ. ನಿಮ್ಮ ಅಜ್ಜ ಇದ್ದಾಗಲೂ, ಹೋದ ಮೇಲೂ, ಗೋಡೆಗೆ ಗೋಡೆ ಹತ್ತಿಕೊಂಡೇ ಬಾಳಿದೆವು. ಆದರೂ ಅವರ ಹೆಸರನ್ನು ನಾನು ಬಾಯಿಬಿಟ್ಟು ಅಂದವಳಲ್ಲ. ಬೀಳಗಿ ತಾಲೂಕಿನ ಅನಗವಾಡಿಯಲ್ಲಿ ಹುಟ್ಟಿ, ಅಲ್ಲಿಯ ಸಾಲೆಯಲ್ಲಿ ಕಲಿತಷ್ಟು ಕಲಿತು, ಲಗ್ನವಾಗಿ ಈ ಊರಿಗೆ ಬಂದವಳು ನಾನು. ಪರ ಗಂಡಸರ ಜೊತೆ ಮಾತಾಡಿ ರೂಢಿಯಿಲ್ಲ. ಅವರಿಗೆ ಏನಾದರೂ ಹೇಳಬೇಕಾದರೆ ಅವರ ಹೆಂಡತಿ ಶಾಂತವ್ವನಿಗೆ ಹೇಳುತ್ತಿದ್ದೆ. ಅವರು ಎದುರಿಗೇ ಕೂತಿದ್ದರೂ ಶಾಂತವ್ವನ ಕಡೆಗೆ ನೋಡಿಯೇ ಹೇಳುತ್ತಿದ್ದೆ. ಅವರೂ ಉತ್ತರವನ್ನು ಶಾಂತವ್ವನಿಗೇ ಕೊಡುತ್ತಿದ್ದರು. ಊರು ಅವರನ್ನು ಮೇಸ್ತ್ರಿ ಎನ್ನುತ್ತಿತ್ತು. ನಾನೂ ಹಾಗೆಯೇ ಬರೆಯುತ್ತೇನೆ.

ಜಮಖಂಡಿ ರಸ್ತೆಯ ಮೇಲಿನ ಆ ಶೆಡ್ಡಿನಲ್ಲಿ ಅವರು ಕಬ್ಬು ಹೇರುವ ಟ್ರಾಲಿಗಳನ್ನು ಕಟ್ಟುತ್ತಿದ್ದರು. ಸಕ್ಕರೆ ಕಾರ್ಖಾನೆ ಶುರುವಾಗುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ವೆಲ್ಡಿಂಗಿನ ಬೆಳಕು ನಮ್ಮ ಅಡುಗೆಮನೆಯ ಗೋಡೆಯ ಮೇಲೂ ಮಿಂಚುತ್ತಿತ್ತು. ಎತ್ತರದ ಆಳು, ಬಡಕಲು ಮೈ, ಕಣ್ಣಿನ ರೆಪ್ಪೆಯ ಮೇಲೆ ಯಾವಾಗಲೂ ತಗ್ಗು ತುಂಬಿ ತಿಕ್ಕುವ ಪುಟ್ಟಿಯ ಬಿಳಿ ಧೂಳು. ತಗಡಿನ ಪತ್ರಾ ಬಡಿದು ಮುಗಿಸಿದ ಮೇಲೆ ಅದನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಎಮ್ಮೆಯ ಮೈ ಸವರಿದಂತೆ ಅಂಗೈ ಆಡಿಸುತ್ತಿದ್ದರು. ಕೈ ಎಲ್ಲಾದರೂ ತಡೆದು ನಿಂತರೆ ಮುಖ ಸಿಂಡರಿಸಿಕೊಳ್ಳುತ್ತಿತ್ತು. ಮತ್ತೆ ಸುತ್ತಿಗೆ ಎತ್ತುತ್ತಿದ್ದರು.

ಹೊರಗೆ ಚಾಚಿಕೊಂಡ ಯಾವುದನ್ನೂ ಅವರು ಸಹಿಸುತ್ತಿರಲಿಲ್ಲ. ಬೋಲ್ಟಿನ ತಲೆ, ಕೊಂಡಿ, ಹುಕ್ಕು, ಹಿಡಿಕೆ ಎಲ್ಲವೂ ಅವರ ಪಾಲಿಗೆ ಕೆಲಸ ಬಾರದವರ ಕೆಲಸ. ಮನೆಯಲ್ಲೂ ಅದೇ. ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಹಳೆಯ ಗೂಟಗಳನ್ನೂ ಕಿತ್ತು ಸಿಮೆಂಟು ಮೆತ್ತಿದರು. "ಅಕ್ಕಾ, ನಮ್ಮ ಮನ್ಯಾಗ ಒಂದ್ ಚೀಲಾ ತೂಗಹಾಕಾಕ ಜಾಗಾ ಇಲ್ಲ. ಕೊಳ್ಳಾಗ ಕಟಗೊಂಡ ಅಡ್ಡಾಡ್ಲೇನ?" ಎಂದು ಶಾಂತವ್ವ ನನ್ನೆದುರು ಗೊಣಗುತ್ತಿದ್ದಳು. ಚಹಾವನ್ನು ಕೂಡ ಅವರು ಕಪ್ಪಿನಲ್ಲಿ ಕುಡಿಯುತ್ತಿರಲಿಲ್ಲ. ಕಪ್ಪಿಗೆ ಕಿವಿ ಯಾಕೆ ಬೇಕು ಎನ್ನುತ್ತಿದ್ದರು. ಬೆರಳು ಸುಟ್ಟರೂ ಅವರಿಗೆ ಗ್ಲಾಸೇ ಆಗಬೇಕು.

ಇದನ್ನೆಲ್ಲ ನಾವು ಹೆಂಗಸರು ಆಡಿಕೊಂಡು ನಗುತ್ತಿದ್ದೆವು. ಒಂದು ದಿನ ಶೇಂಗಾ ಸುಲಿಯುತ್ತ ಕೂತಾಗ ಶಾಂತವ್ವ ಬೇರೆಯೇ ಒಂದು ಮಾತು ಹೇಳಿದಳು. ಮೇಸ್ತ್ರಿಗೆ ಒಬ್ಬ ಅಣ್ಣನಿದ್ದನಂತೆ. ಇಬ್ಬರೂ ಹುಡುಗರಾಗಿದ್ದಾಗ, ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ ಇಳಿಸಿ ಬರುತ್ತಿದ್ದ ಟ್ರಾಲಿಯ ಮೇಲೆ ಕೂತಿದ್ದರು. ಊರು ಹತ್ತಿರವಾದಾಗ ಅಣ್ಣ ಕೆಳಗೆ ಜಿಗಿದ. ಅವನ ಅಂಗಿ ಟ್ರಾಲಿಯ ಹಿಂಬಾಗಿಲ ಕೊಂಡಿಗೆ ಸಿಕ್ಕಿಕೊಂಡಿತು. ಟ್ರ್ಯಾಕ್ಟರ್ ಹೊಡೆಯುವವನಿಗೆ ಅದು ತಿಳಿಯಲಿಲ್ಲ. ಮೇಸ್ತ್ರಿ ಮೇಲೆ ನಿಂತು ಕೂಗುತ್ತಲೇ ಇದ್ದರಂತೆ, ಇಂಜಿನಿನ ಸದ್ದಿನಲ್ಲಿ ಅದು ಮುಂದೆ ಮುಟ್ಟಲಿಲ್ಲ. ಗಾಡಿ ನಿಂತಾಗ ಅಣ್ಣ ಉಳಿದಿರಲಿಲ್ಲ. ಇದನ್ನು ಕೇಳಿದ ದಿನದಿಂದ ಗೋಡೆಯ ಗೂಟದ ಮಾತಿಗೆ ನನಗೆ ನಗು ಬರಲಿಲ್ಲ.

"ಮುಂದಿನ ಕಾಲದಾಗ" ಎಂದೇ ಮೇಸ್ತ್ರಿಯ ಮಾತು ಶುರುವಾಗುತ್ತಿತ್ತು. ಮುಂದಿನ ಕಾಲದಲ್ಲಿ ಗಾಡಿಗೆ ಗಾಲಿ ಕಾಣುವುದಿಲ್ಲ, ಬಾಗಿಲು ಕಾಣುವುದಿಲ್ಲ, ಕನ್ನಡಿ ಹೊರಗೆ ಚಾಚುವುದಿಲ್ಲ, ಯಾರ ಬಟ್ಟೆಯೂ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಆ ಹೊತ್ತಿಗೆ ರಬಕವಿ-ಬನಹಟ್ಟಿ, ಜಮಖಂಡಿ ಕಡೆಯ ಹರೆಯದವರು ಗಾಡಿಗಳ ಪ್ರದರ್ಶನ ನಡೆಸಲು ಶುರುಮಾಡಿದ್ದರು. ಆಳೆತ್ತರದ ಸ್ಪೀಕರ್ ಹೊತ್ತ ಟ್ರ್ಯಾಕ್ಟರು, ಓಡುವಾಗ ಬೆಂಕಿ ಉಗುಳುವ ಮೋಟರ್ ಸೈಕಲ್ಲು, ಮೈತುಂಬ ಬಣ್ಣ ಬಳಿದ ಜೀಪು ಅಲ್ಲಿಗೆ ಬರುತ್ತಿದ್ದವು. ಮೇಸ್ತ್ರಿ ಒಂದು ಹಳೆಯ ವ್ಯಾನನ್ನು ಕೊಂಡು, ಮೈಯೆಲ್ಲ ಕಿತ್ತೊಗೆದು, ತಳದ ಮೇಲೆ ಫೈಬರಿನ ಹೊಸ ಮೈ ಕೂಡಿಸಿದರು. ಹಳದಿ ಬಣ್ಣ, ಮೀನಿನ ಆಕಾರ. ಅದನ್ನು ಬನಹಟ್ಟಿಯ ಮೈದಾನಕ್ಕೆ ಒಯ್ದಾಗ ನೇಕಾರರ ಓಣಿಗಳಿಂದ ಜನ ಮಗ್ಗ ನಿಲ್ಲಿಸಿ ನೋಡಲು ಬಂದರು. ಇಂಥದ್ದು ಓಡುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮುಟ್ಟಿ ನೋಡಿದರು, ಫೋಟೊ ತೆಗೆದರು. ಮೇಸ್ತ್ರಿ ದೂರ ನಿಂತು ಜನರ ಮುಖವನ್ನಲ್ಲ, ಅವರ ಕೈಗಳನ್ನೇ ನೋಡುತ್ತಿದ್ದರು. ಮನೆಗೆ ಬಂದು ಶಾಂತವ್ವನಿಗೆ ಹೇಳಿದ್ದು ಒಂದೇ ಮಾತು: "ಒಬ್ಬರ ಕೈನೂ ಎಲ್ಲೂ ತಡೀಲಿಲ್ಲ."

ಎರಡನೆಯ ಗಾಡಿ, ನೀವು ನೋಡಿದ್ದು, ಬೆಳ್ಳಿ ಬಣ್ಣದ್ದು. ಅದಕ್ಕೆ ಬಾಗಿಲೇ ಇಲ್ಲ. ಮೇಲ್ಭಾಗವೆಲ್ಲ ಒಂದೇ ಗಾಜು. ಗಾಜೆಂದರೆ ಗಾಜಲ್ಲ, ಕೊಲ್ಹಾಪುರದಲ್ಲಿ ಮಾಡಿಸಿ ತಂದ, ಕಲ್ಲಿಗೂ ಜಗ್ಗದ ದಪ್ಪ ಪ್ಲಾಸ್ಟಿಕ್ಕು. ರಿಮೋಟಿನ ಗುಂಡಿ ಒತ್ತಿದರೆ ಎರಡು ಮೋಟರು ಅದನ್ನು ಎತ್ತುತ್ತಿದ್ದವು, ಮತ್ತೆ ಒತ್ತಿದರೆ ಇಳಿಸುತ್ತಿದ್ದವು. ಇಳಿದು ಕೂತಾಗ ಅಂಚಿನ ರಬ್ಬರು ಉಸ್ಸೆಂದು ಬಿಗಿದುಕೊಳ್ಳುತ್ತಿತ್ತು. ಗಾಜು ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ.

ನೋಡಲು ಬಂದ ಓಣಿಯ ಮುದುಕಿಯೊಬ್ಬಳು, ಇದು ಥೇಟ್ ಬೆಳ್ಳಿ ಕರಡಿಗೆಯೇ ಆಗಿದೆಯಲ್ಲ ಎಂದಳು. ಮೇಸ್ತ್ರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. ಕೊರಳಲ್ಲಿದ್ದ ತಮ್ಮ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ನಕ್ಕರು. ಮುದುಕಿ ಗಾಡಿಯನ್ನು ಒಂದು ಸುತ್ತು ಹಾಕಿ ಬಂದು ಕೇಳಿದಳು:

"ಕರಡಿಗಿಯಾಗ ಲಿಂಗ ಇರತೈತಿ. ಇದರಾಗ ಯಾರ್ನ ಇಡ್ತೀಯೋ ತಮ್ಮಾ?"

ಅವರು ಮತ್ತೆ ನಕ್ಕರು. ನನಗೆ ಮಾತ್ರ ಆ ಮಾತು ಛಲೋ ಎನಿಸಲಿಲ್ಲ.

ಸೀಟು ಹೊಲಿಯುವ ಕೆಲಸ ನನಗೆ ಬಂತು. ಓಣಿಯವರ ಜಂಪರು, ಕೌದಿ ಹೊಲಿದುಕೊಂಡಿದ್ದ ನನಗೆ ಅದು ಹೊಸದು. ಬನಹಟ್ಟಿಯಲ್ಲಿ ನೇಯಿಸಿ ತಂದ ಬೆಳ್ಳಿಬಣ್ಣದ ದಪ್ಪ ಬಟ್ಟೆ. ಹೊಲಿಗೆಯೂ ಮೇಲೆ ಕಾಣಬಾರದು ಎಂದು ಶಾಂತವ್ವನ ಮೂಲಕ ಹೇಳಿ ಕಳಿಸಿದರು. ಅಳತೆ ನೋಡಲು ನಾನು ಗಾಡಿಯೊಳಗೆ ಇಳಿದು, ಸೀಟಿನ ಬುಡದಲ್ಲಿ ಮೊಳಕಾಲೂರಿ ಬಗ್ಗಿ ಕೂತಿದ್ದೆ. ಆ ಹೊತ್ತಿಗೆ ಪೇಟೆಯವರೊಬ್ಬರು ನೋಡಲು ಬಂದರು. ನಾನು ಒಳಗಿರುವುದು ಮರೆತು ಮೇಸ್ತ್ರಿ ಗುಂಡಿ ಒತ್ತಿದರು.

ಉಸ್ಸೆಂದಿತು. ಅಷ್ಟೇ. ಶೆಡ್ಡಿನ ಸದ್ದು, ರಸ್ತೆಯ ಸದ್ದು ಎಲ್ಲ ಒಮ್ಮೆಗೇ ನಿಂತವು. ನನ್ನ ಉಸಿರು ನನ್ನ ಕಿವಿಗೇ ಬಂದು ಬಡಿಯಿತು. ಎದ್ದು ನೋಡಿದರೆ ಮೇಸ್ತ್ರಿ ಆ ಕಡೆಗೆ ಮುಖಮಾಡಿ ಬಂದವರಿಗೆ ಏನೋ ವಿವರಿಸುತ್ತಿದ್ದರು. ನಾನು ಕರೆದೆ. ಅವರು ತಿರುಗಲಿಲ್ಲ. ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೆಂದು ಎರಡೂ ಅಂಗೈಗಳಿಂದ ಸುತ್ತ ತಡವಿದೆ. ಒಳಮೈಯೂ ಹೊರಮೈಯಷ್ಟೇ ನುಣುಪು. ಕೈ ಜಾರಿತು, ಜಾರಿತು, ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ಬಂದವರು ನನ್ನನ್ನು ಕಂಡು ಕೈಮಾಡಿ ತೋರಿಸಿದರು, ಮೇಸ್ತ್ರಿ ತಿರುಗಿ ನೋಡಿ ಗುಂಡಿ ಒತ್ತಿದರು.

"ವೈನಿಯಾರಿಗೆ ನೀರ ಕೊಡ" ಎಂದು ಹೆಂಡತಿಗೆ ಹೇಳಿದರು. ಅವರಿಗೆ ನಾಚಿಕೆಯಾಗಿತ್ತು. ಆದರೆ ನಾನು ನೀರು ಕುಡಿದು ಮುಗಿಸುವ ಮೊದಲೇ ಶಾಂತವ್ವನ ಕಡೆ ತಿರುಗಿ, "ಹೊರಗಿಂದು ಏನರೆ ಕೇಳಸ್ತಿತ್ತಂತನ? ಕೇಳ ನೋಡೂಣು" ಎಂದರು. ಏನೂ ಕೇಳಿಸಲಿಲ್ಲವೆಂದು ನಾನು ತಲೆಯಾಡಿಸಿದೆ. ಅವರ ಮುಖ ಅರಳಿತು. ರಬ್ಬರು ಅಷ್ಟು ಸರಿಯಾಗಿ ಕೂತಿತ್ತು.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ: ಒಳಗೊಂದು ಹಿಡಿಕೆ ಬೇಕು. ಕರೆಂಟಿಲ್ಲದಿದ್ದರೂ ಒಳಗಿನವರು ಜಗ್ಗಿ ತೆರೆದುಕೊಳ್ಳುವಂಥದ್ದು. ಶಾಂತವ್ವನ ಮೂಲಕ ಹೇಳಿಸಿದೆ. ಅವಳು ಹೋಗಿ ಬಂದು, "ಹಿಡಿಕಿ ಅಂದ್ರ ಅವರು ಹಾವು ತುಳದಂಗ ಮಾಡ್ತಾರ ಅಕ್ಕಾ, ನೀನ ಸುಮ್ನಿರು" ಎಂದಳು. ನಾನು ಸುಮ್ಮನಾದೆ. ಆಗ ಅದರೊಳಗೆ ಯಾರನ್ನೂ ಕೂಡಿಸುವ ಮಾತಿರಲಿಲ್ಲ.

ಆ ವರ್ಷ ಜಮಖಂಡಿಯ ಹುಡುಗರು ದಸರೆಯ ಹಿಂದಿನ ಖಂಡೇಪೂಜೆಯ ದಿನವೇ ದೊಡ್ಡ ಪ್ರದರ್ಶನ ಇಟ್ಟುಕೊಂಡರು. ಅವತ್ತು ಹೇಗೂ ಎಲ್ಲರೂ ಗಾಡಿ ತೊಳೆದು, ಹೂ ಕಟ್ಟಿ, ಕಬ್ಬು ಬಾಳೆ ಬಿಗಿದು ಸಿಂಗರಿಸಿರುತ್ತಾರೆ. ಅಲ್ಲಿ ಗೆದ್ದ ಗಾಡಿಯನ್ನು ಪುಣೆಯ ಪ್ರದರ್ಶನಕ್ಕೆ ಕರೆಯುತ್ತಾರೆಂಬ ಸುದ್ದಿಯಿತ್ತು. ಬರಿಯ ಗಾಡಿ ನಿಲ್ಲಿಸಿದರೆ ಸಾಲದು, ಮುಂದಿನ ಕಾಲದ ಮನುಷ್ಯರನ್ನೂ ತೋರಿಸಬೇಕೆಂದು ಮೇಸ್ತ್ರಿಗೆ ಹೊಳೆಯಿತು. ಮಗಳು ಅಶ್ವಿನಿ ಆಗ ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗೆ ಸೀಟಿನದೇ ಬಟ್ಟೆಯ ಉದ್ದನೆಯ ಅಂಗಿ ತೊಡಿಸಿ, ಒಳಗೆ ಕೂಡಿಸಿ, ಗಾಜು ಮುಚ್ಚಿ ನೀಲಿ ದೀಪ ಹಚ್ಚುವುದೆಂದು ನಿಶ್ಚಯಿಸಿದರು. ಅಂಗಿ ಹೊಲಿಯಲು ಬಟ್ಟೆ ನನ್ನ ಮನೆಗೆ ಬಂತು. ಅಶ್ವಿನಿಯೂ ಕುಣಿಯುತ್ತಲೇ ಬಂದಳು. "ದೊಡ್ಡವ್ವಾ, ತೋಳು ಬಿಗಿ ಇರ್ಲಿ" ಎಂದು ಅಳತೆ ಕೊಟ್ಟು ಹೋದಳು.

ಕತ್ತರಿ ಹಿಡಿದೆ, ಬಟ್ಟೆಗೆ ಹಚ್ಚಲಾಗಲಿಲ್ಲ. ಬಟ್ಟೆಯನ್ನು ಮಡಿಚಿಕೊಂಡು ಶೆಡ್ಡಿಗೆ ನಡೆದೆ. ಶಾಂತವ್ವ ಅಲ್ಲಿರಲಿಲ್ಲ, ಮೇಸ್ತ್ರಿ ಒಬ್ಬರೇ ಇದ್ದರು. ನಾನು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಜೀವಮಾನದಲ್ಲಿ ಮೊದಲನೆಯ ಸಲ ಅವರಿಗೇ ಮಾತು ಹೇಳಿದೆ:

"ಒಳಗೊಂದು ಹಿಡಿಕಿ ಹಾಕ್ರಿ. ಹಾಕೋ ತನಕ ಹುಡುಗಿ ಅಂಗಿ ಹೊಲ್ಯಾಂಗಿಲ್ಲ ನಾ."

ಅವರು ಕೈಯೊಳಗಿನ ಪಾಲಿಶ್ ಕಾಗದ ಕೆಳಗಿಟ್ಟರು. ನನ್ನ ಮಾತು ತಮ್ಮ ಕಡೆಗೇ ಬಂದದ್ದನ್ನು ಅವರು ಎಂದೂ ಕೇಳಿರಲಿಲ್ಲ.

"ಹಿಡಿಕಿ ಹಚ್ಚಿದ್ರ ಅದು ಟ್ರಾಲಿ ಆಗತೈತ್ರಿ ವೈನಿ."

"ಆಗ್ಲಿ."

"ರಿಮೋಟ್ ಐತಲ್ರಿ."

"ರಿಮೋಟ್ ಹೊರಗಿನವರ ಕೈಯಾಗ ಇರತೈತಿ. ಒಳಗಿನವರ ಕೈಯಾಗ ಏನೈತಿ?"

ಅವರು ಪಾಲಿಶ್ ಕಾಗದವನ್ನು ಮತ್ತೆ ಎತ್ತಿಕೊಂಡರು. ನಾನು ಬಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಬಂದೆ. ಮರುದಿನ ಶಾಂತವ್ವ ಸುದ್ದಿ ತಂದಳು. ಮಗಳನ್ನು ಕೂಡಿಸುವುದಿಲ್ಲ, ತಾವೇ ಕೂಡುತ್ತಾರೆ. ಆದರೆ ಹಿಡಿಕೆಯ ಮಾತನ್ನು ಯಾರೂ ಮತ್ತೆ ಎತ್ತಬಾರದು. ಅಶ್ವಿನಿ ಎರಡು ದಿನ ನನ್ನ ಮನೆಯ ಕಡೆ ಹಾಯಲಿಲ್ಲ. ಶಾಂತವ್ವ ಮಾತ್ರ ಹೊಸ್ತಿಲಲ್ಲಿ ಕೂತು ಬಹಳ ಹೊತ್ತು ಎದ್ದು ಹೋಗಲಿಲ್ಲ. ಮಗಳ ಚಿಂತೆ ಹೋಗಿ ಈಗ ಗಂಡನದು ಹತ್ತಿತ್ತು.

ಖಂಡೇಪೂಜೆಯೆಂದರೆ ಮೇಸ್ತ್ರಿಗೆ ವರ್ಷದ ದೊಡ್ಡ ಹಬ್ಬ. ನಮ್ಮ ಕಡೆ ಅವತ್ತು ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು ಪೂಜೆಗಿಡುತ್ತಾರೆ, ಮರುದಿನ ದಸರೆಯಲ್ಲಿ ಎತ್ತುವ ತನಕ ಯಾರೂ ಮುಟ್ಟುವುದಿಲ್ಲ. ಕೆಲವರು ಒಂದೆರಡು ಇಟ್ಟು ಕೈಮುಗಿಯುತ್ತಾರೆ. ಮೇಸ್ತ್ರಿ ಹಾಗಲ್ಲ. ಸುತ್ತಿಗೆ, ಬೋಲ್ಟು ಬಿಚ್ಚುವ ಪಾನಾ, ಹಾರೆ, ಡ್ರಿಲ್ಲು, ಕೊನೆಗೆ ಗಾಡಿಯ ಸೀಟಿನ ಕೆಳಗಿನ ಸ್ಕ್ರೂಡ್ರೈವರು ಸಹ, ಎಲ್ಲವನ್ನೂ ಹುಣಸೆಹಣ್ಣಿನಿಂದ ತಿಕ್ಕಿ, ಎಣ್ಣೆ ಹಚ್ಚಿ, ಕಂಬಳಿಯ ಮೇಲೆ ಸಾಲಾಗಿಟ್ಟು, ವಿಭೂತಿ ಕುಂಕುಮ ಏರಿಸಿದರು. ಬೆಳ್ಳಿಗಾಡಿಯನ್ನು ಟ್ರಾಲಿಯ ಮೇಲೇರಿಸಿ ಜಮಖಂಡಿಗೆ ಒಯ್ಯುವಾಗ ಅವರ ಹತ್ತಿರ ಒಂದು ಪಾನಾ ಕೂಡ ಇರಲಿಲ್ಲ. ಇದು ತಪ್ಪೆಂದು ಯಾರಿಗೂ ಅನಿಸಲಿಲ್ಲ. ನನ್ನ ಕತ್ತರಿಯನ್ನೂ ನಾನು ಮನೆಯಲ್ಲಿ ಪೂಜೆಗಿಟ್ಟು ಬಂದಿದ್ದೆ.

ಮೈದಾನ ತುಂಬಿತ್ತು. ಟ್ರ್ಯಾಕ್ಟರುಗಳ ಸ್ಪೀಕರುಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದು, ಎದೆಯೊಳಗೆ ಗುದ್ದಿದಂತೆ ಸದ್ದು. ಬಿಸಿಲು ಚುರುಗುಟ್ಟುತ್ತಿತ್ತು. ಶಾಂತವ್ವ, ಅಶ್ವಿನಿ, ನಾನು ಹೂವಿನ ಕಮಾನಿನ ನೆರಳಲ್ಲಿ ನಿಂತಿದ್ದೆವು. ಬೆಳಗಿನಿಂದ ಮೇಸ್ತ್ರಿ ಹಲವು ಸಲ ಒಳಗೆ ಕೂತು ತೋರಿಸಿದ್ದರು. ಇಳಿದಾಗಲೆಲ್ಲ ಒರೆಸಿಕೊಂಡು, ಜನ ನೋಡಿ ಹಿಗ್ಗಿ, ಮತ್ತೆ ಏರುತ್ತಿದ್ದರು. ಒಳಗಿನ ನೀಲಿ ದೀಪಗಳು, ಗಾಳಿಯ ಸಣ್ಣ ಫ್ಯಾನು, ಗಾಜೆತ್ತುವ ಮೋಟರು ಎಲ್ಲಕ್ಕೂ ಇದ್ದದ್ದು ಒಂದೇ ಬ್ಯಾಟರಿ. ದೀಪಗಳನ್ನು ಬೆಳಗಿನಿಂದ ಆರಿಸಿಯೇ ಇರಲಿಲ್ಲ.

ಮಧ್ಯಾಹ್ನ ಬಹುಮಾನ ಕೊಡುವವರು ಬಂದರು. ಮೇಸ್ತ್ರಿ ಒಳಗೆ ಕೂತರು. ಅಶ್ವಿನಿ ಗುಂಡಿ ಒತ್ತಿದಳು, ಗಾಜು ಇಳಿಯಿತು. ಸ್ವಲ್ಪ ಹೊತ್ತಿಗೆ ನೀಲಿ ಬೆಳಕು ಮಂಕಾಗಿ ಆರಿಹೋಯಿತು. ಜನ ಅದನ್ನೂ ಆಟವೆಂದು ತಿಳಿದು ಸಿಳ್ಳೆ ಹೊಡೆದರು. ಅಶ್ವಿನಿ ತೆರೆಯಲು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಅವಳ ಬೆರಳು ಬಿಳುಚಿಕೊಂಡಿತು.

ಮೇಸ್ತ್ರಿ ಮೊದಲು ನಕ್ಕರು. ಆಮೇಲೆ ಕೈಮಾಡಿ ಒತ್ತು ಒತ್ತು ಎಂದರು. ಆಮೇಲೆ ಎರಡೂ ಅಂಗೈಗಳಿಂದ ಗಾಜನ್ನು ಬಡಿಯಲು ಶುರುಮಾಡಿದರು. ಜನ ಕೈ ಎತ್ತಿ ಅವರಿಗೆ ಬೀಸಿದರು. ಫೋನುಗಳು ಮೇಲೆದ್ದವು. ಮುಂದಿನ ಕಾಲದ ಮನುಷ್ಯ ಎಂದು ಮೈಕಿನವನು ಕೂಗಿದ, ಎಲ್ಲರೂ ನಕ್ಕರು. ನನಗೆ ಕಂಡದ್ದು ಗಾಜಿನ ಒಳಗಡೆ ಕಟ್ಟುತ್ತಿದ್ದ ಮಂಜು. ಅವರ ಬಾಯಿಯ ಎದುರಿಗೆ ಬೆಳ್ಳಗಾಗಿ, ಅದು ದೊಡ್ಡದಾಗುತ್ತಿತ್ತು. ಅಂಗೈ ಜಾರಿದ ಗುರುತುಗಳು ಅದರ ಮೇಲೆ ಮೂಡಿ ಮೂಡಿ ಅಳಿಯುತ್ತಿದ್ದವು.

ನಾನು ಜನರನ್ನು ನೂಕಿಕೊಂಡು ಮೈಕಿನವನ ಹತ್ತಿರ ಹೋಗಿ ಅವನ ತೋಳು ಹಿಡಿದೆ.

"ಅವರು ಆಡಾಕತ್ತಿಲ್ಲೋ ಯಪ್ಪಾ. ಉಸುರು ಕಟ್ಟೇತಿ. ಅದ್ನ ಬಂದ್ ಮಾಡ್ಸು."

ಅವನು ನನ್ನ ಮುಖ ನೋಡಿದ, ಗಾಡಿಯ ಕಡೆ ನೋಡಿದ. ಒಂದೊಂದಾಗಿ ಸ್ಪೀಕರುಗಳು ನಿಂತವು. ಅಷ್ಟು ದೊಡ್ಡ ಮೈದಾನ ಸುಮ್ಮನಾದಾಗ ಆ ಬಡಿತ ಕೇಳಿಸಿತು. ಬಡಿತವೆಂದರೆ ಉಗುರಿನಿಂದ ತಟ್ಟೆ ಕೆರೆದಷ್ಟು ಸದ್ದು.

ಆಮೇಲೆ ಎಲ್ಲರೂ ಓಡಿಬಂದರು. ಬ್ಯಾಟರಿ ಇದ್ದದ್ದು ಹಿಂಭಾಗದ ಮುಚ್ಚಳದ ಕೆಳಗೆ, ಅದನ್ನು ತಲೆ ಹೊರಗೆ ಚಾಚದಂತೆ ಬೋಲ್ಟ್ ಹಾಕಿ ಕೂಡಿಸಿದ್ದರು. ಪಾನಾ ತರ್ರಿ, ಪಾನಾ ತರ್ರಿ ಎಂದು ಕೂಗು ಎದ್ದಿತು. ಮೈದಾನದ ತುಂಬ ಗಾಡಿಗಳು, ಗಾಡಿಗೊಬ್ಬ ಮೆಕ್ಯಾನಿಕ್ಕು. ಒಬ್ಬೊಬ್ಬರೂ ಓಡಿಹೋಗಿ ತಮ್ಮ ಡಬ್ಬಿ ತೆರೆದು ಬರಿಗೈಯಲ್ಲಿ ಬಂದರು. ಎಲ್ಲರ ಹತ್ಯಾರಗಳೂ ಮನೆಯಲ್ಲಿ, ಶೆಡ್ಡಿನಲ್ಲಿ, ಕಂಬಳಿಯ ಮೇಲೆ ಪೂಜೆಯಲ್ಲಿದ್ದವು. ಮೀಸೆ ಹೊತ್ತ ಗಂಡಸೊಬ್ಬ ತನ್ನ ಖಾಲಿ ಡಬ್ಬಿಯನ್ನು ನನ್ನೆದುರು ಹಿಡಿದು, "ಪೂಜಾಕ್ಕ ಇಟ್ಟೀವ್ರಿ ಅವ್ವಾರ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಯಾರೋ ಕಲ್ಲು ಎತ್ತಿ ಹಾಕಿದರು. ಅದು ಗಾಜಿನ ಮೇಲೆ ಗೀರು ಎಳೆದು ಜಾರಿ ಬಿತ್ತು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯೋಣವೆಂದರು. ಹಗ್ಗ ತಂದವನು ಗಾಡಿಯನ್ನು ಸುತ್ತಿ ಸುತ್ತಿ ಬಂದ. ಕಟ್ಟಲು ಎಲ್ಲಿಯೂ ಏನೂ ಚಾಚಿಕೊಂಡಿರಲಿಲ್ಲ.

ಒಳಗೆ ಬಡಿಯುವುದು ನಿಂತಿತು.

ಕಮಾನಿನ ಆಚೆ ಎಳನೀರು ಮಾರುವವನೊಬ್ಬನಿದ್ದ. ಬೆಳಿಗ್ಗೆ ಕೊಯ್ತಾಕ್ಕೆ ಕುಂಕುಮ ಹಚ್ಚಿ, ಹೊಟ್ಟೆಪಾಡೆಂದು ಅದರಲ್ಲೇ ವ್ಯಾಪಾರಕ್ಕೆ ಇಳಿದವನು. ಅದೊಂದೇ ಹತ್ಯಾರ ಆ ಮೈದಾನದಲ್ಲಿ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಓಡಿಬಂದು ಅಂಚಿನ ರಬ್ಬರಿಗೆ ಇಳಿಸಿದ. ರಬ್ಬರು ಎಳೆ ಎಳೆಯಾಗಿ ಕಿತ್ತುಬಂತು. ಸಂದಿನಲ್ಲಿ ಬೆರಳು ತೂರಿಸಿ ಹತ್ತಾರು ಗಂಡಸರು ಒಟ್ಟಿಗೆ ಎತ್ತಿದಾಗ ಮೋಟರಿನ ತೋಳು ಮುರಿದು ಗಾಜು ಕಳಚಿತು. ಮೇಸ್ತ್ರಿಯನ್ನು ಹೊರಗೆ ಎಳೆದು ಕಮಾನಿನ ನೆರಳಿಗೆ ತಂದು ಮಲಗಿಸಿದರು. ತುಟಿ ನೀಲಿಯಾಗಿತ್ತು. ಶಾಂತವ್ವ ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು. ಬಹಳ ಹೊತ್ತಿಗೆ ಎದೆ ಏರಿ ಇಳಿಯಿತು. ಬೆರಳ ತುದಿಗಳೆಲ್ಲ ಹರಿದಿದ್ದವು, ಉಗುರುಗಳ ಬುಡದಲ್ಲಿ ರಕ್ತ.

ಬದುಕಿದರು. ಆದರೆ "ಮುಂದಿನ ಕಾಲದಾಗ" ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಚಳಿಗಾಲದಲ್ಲೂ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ದಸರೆಯ ದಿನ ದವಾಖಾನೆಯಿಂದ ಬಂದವರೇ ಕಟ್ಟು ಕಟ್ಟಿದ ಬೆರಳಿನಿಂದ ಕಂಬಳಿಯ ಮೇಲಿನ ಡ್ರಿಲ್ಲು ಎತ್ತಿಕೊಂಡರು. ಗಾಡಿಯ ಒಳಮೈಯಲ್ಲಿ ಎರಡು ತೂತು ಕೊರೆದು, ಕಬ್ಬಿನ ಟ್ರಾಲಿಯ ಹಿಂಬಾಗಿಲಿಗೆ ಹಾಕುವ ಕಪ್ಪು ಹಿಡಿಕೆಯನ್ನೇ ಬಿಗಿದರು. ಬೋಲ್ಟಿನ ತಲೆ ಎದ್ದು ಕಾಣುತ್ತಿತ್ತು, ಬಣ್ಣ ಹಚ್ಚಲಿಲ್ಲ. ಮುಂದೆ ಗಾಜನ್ನು ರಿಪೇರಿ ಮಾಡಿದಾಗ, ಹಿಡಿಕೆ ಜಗ್ಗಿದರೆ ಮೋಟರಿನ ಕೊಂಡಿ ಕಳಚಿ, ಕೈಯಿಂದ ನೂಕಿದರೂ ಗಾಜು ಏಳುವಂತೆ ಮಾಡಿದರು. ಅದನ್ನು ನೋಡಲು ನನ್ನನ್ನು ಕರೆಸಿದರು. ಶಾಂತವ್ವ ಪಕ್ಕದಲ್ಲೇ ಇದ್ದರೂ ನೇರವಾಗಿ ನನಗೇ ಹೇಳಿದರು: "ವೈನಿ, ಒಳಗ ಕುಂತು ನೀವ ಜಗ್ಗರಿ. ನಾ ಇಲ್ಲೇ ನಿಂತಿರತೀನಿ." ನಾನು ಕೂತೆ. ಗಾಜು ಮುಚ್ಚಿತು. ಜಗ್ಗಿ ನೂಕಿದೆ. ತೆರೆಯಿತು. ಅವರು ಗೋಡೆಗೆ ಒರಗಿ ಮುಖ ಮುಚ್ಚಿಕೊಂಡರು.

ಅವತ್ತು ಜನ ತೆಗೆದ ವಿಡಿಯೋ ಎಲ್ಲೆಲ್ಲೋ ಓಡಾಡಿತು. ಅದನ್ನು ನೋಡಿಯೇ ಗಿರಾಕಿಗಳು ಬಂದರು. ಊರೂರಿಗೆ ಪ್ರದರ್ಶನ ಒಯ್ಯುವ ಒಬ್ಬ ವ್ಯಾಪಾರಿ ಮೂರು ಸಲ ಬಂದ. ಅವನದು ಒಂದೇ ಷರತ್ತು, ಆ ಕಪ್ಪು ಹಿಡಿಕೆ ತೆಗೆಯಬೇಕು. ವಿಡಿಯೋದಲ್ಲಿ ಇದ್ದಂತೆಯೇ ಬೇಕು. ಮೇಸ್ತ್ರಿ ಪ್ರತಿ ಸಲವೂ ಅವನಿಗೆ ಚಹಾ ಕುಡಿಸಿ, "ಆಗಾಂಗಿಲ್ರಿ" ಎಂದು ಕಳಿಸಿದರು. ಟ್ರಾಲಿಯ ಕೆಲಸವೂ ಕಡಿಮೆಯಾಗುತ್ತ ಬಂತು. ಫೈಬರಿನ ಧೂಳು ಎದೆಯಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದರು. ನೀವು ನೋಡಿದ್ದು ಆ ದಿನಗಳ ಮೇಸ್ತ್ರಿಯನ್ನು. ಗಾಡಿಯ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತು, ಯಾರನ್ನೂ ಒಳಗೆ ಇಳಿಯಗೊಡದ ಮುದುಕ.

ಅವರು ಹೋದ ಮೇಲೆ ಆ ವ್ಯಾಪಾರಿ ಮತ್ತೆ ಬಂದ. ಶಾಂತವ್ವನಿಗೆ ಆ ಗಾಡಿ ಕಣ್ಣಿಗೆ ಬಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಹಿಡಿಕೆ ತೆಗೆಯಬಾರದೆಂದು ನನ್ನೆದುರಿಗೇ ಮಾತು ತೆಗೆದುಕೊಂಡು ಗಾಡಿಯನ್ನು ಅವನಿಗೆ ಮಾರಿದಳು. ಅವನು ಎದೆ ಮುಟ್ಟಿಕೊಂಡು ತೆಗೆಯುವುದಿಲ್ಲ ಎಂದ.

ಮೊನ್ನೆ ಅಶ್ವಿನಿಯ ಫೋನಿಗೆ ಒಂದು ವಿಡಿಯೋ ಬಂತು. ಯಾವುದೋ ದೊಡ್ಡ ಊರಿನ ಪ್ರದರ್ಶನ. ಬೆಳ್ಳಿ ಬಣ್ಣ ಹೋಗಿ ಕಡುನೀಲಿಯಾಗಿದೆ, ಆದರೆ ಆ ಮೈಯ ಆಕಾರ ನಮಗೆ ಮರೆಯುವಂಥದ್ದಲ್ಲ. ಗಾಜು ಎದ್ದಿದೆ. ಮಕ್ಕಳು ಸಾಲು ಹಚ್ಚಿ ನಿಂತಿದ್ದಾರೆ, ಒಬ್ಬೊಬ್ಬರನ್ನೇ ಒಳಗೆ ಕೂಡಿಸಿ ಫೋಟೊ ತೆಗೆಯುತ್ತಿದ್ದಾರೆ. ಅಶ್ವಿನಿ ಚಿತ್ರ ನಿಲ್ಲಿಸಿ ದೊಡ್ಡದು ಮಾಡಿ ತೋರಿಸಿದಳು. ಹಿಡಿಕೆ ಇದ್ದ ಜಾಗಕ್ಕೆ ಪುಟ್ಟಿ ತುಂಬಿ, ತಿಕ್ಕಿ, ಬಣ್ಣ ಹೊಡೆದಿದ್ದಾರೆ. ಅಲ್ಲಿ ಏನೋ ಇತ್ತೆಂದು ಯಾರೂ ಹೇಳಲಾರರು.

ಶಾಂತವ್ವ ಅಲ್ಲೇ ವ್ಯಾಪಾರಿಗೆ ಫೋನು ಹಚ್ಚಿಸಿದಳು. ಅವನು ಬಹಳ ಮರ್ಯಾದೆಯಿಂದ ಮಾತಾಡಿದ. "ಹೊಸಾ ಬ್ಯಾಟರಿ ಹಾಕೇವ್ರಿ ಅಕ್ಕಾರ, ಏನೂ ಚಿಂತಿ ಮಾಡಬ್ಯಾಡ್ರಿ" ಎಂದ. ಯಾವ ಊರಲ್ಲಿದ್ದೀರಿ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟ. ಆಮೇಲೆ ಎತ್ತಲೇ ಇಲ್ಲ. ಅಶ್ವಿನಿ ಆ ವಿಡಿಯೋದ ಕೆಳಗೆ ಇದು ಅಪಾಯವೆಂದು ಬರೆದಳು. ಸ್ವಲ್ಪ ಹೊತ್ತಿಗೆ ಅದನ್ನು ಯಾರೋ ಅಳಿಸಿದರು.

ಇವತ್ತು ಅದು ಯಾವ ಮೈದಾನದಲ್ಲಿ ನಿಂತಿದೆಯೋ ನಮಗೆ ತಿಳಿಯದು. ನಿಮ್ಮ ಊರಿಗೂ ಬರಬಹುದು. ಅಷ್ಟರಲ್ಲಿ ಬಣ್ಣ ಮತ್ತೆ ಬದಲಾಗಿರಬಹುದು, ಹೆಸರೂ ಬದಲಾಗಿರಬಹುದು. ಅದರೊಳಗೆ ಕೂತ ಮಗು ಗಾಜಿನ ಆಚೆಯಿಂದ ಕೈ ಬೀಸುತ್ತಿದ್ದರೆ, ಸುತ್ತಲಿನವರು ಫೋನು ಎತ್ತಿ ನಗುತ್ತಿದ್ದರೆ, ನೀವು ನಗಬೇಡಿ. ಅದು ಕೈ ಬೀಸುತ್ತಿದೆಯೋ ಬಡಿಯುತ್ತಿದೆಯೋ ಎಂದು ಹತ್ತಿರ ಹೋಗಿ ನೋಡಿ. ಗೊತ್ತಾಗದಿದ್ದರೆ ಕೂಗಿ. ನಾಚಿಕೆಯಾದರೂ ಕೂಗಿ, ಮೈದಾನವೆಲ್ಲ ನಿಮ್ಮ ಕಡೆ ತಿರುಗುವಂತೆ ಕೂಗಿ.